ಸಕ್ಕರೆ ಕೇಳುವ ಗಾಡಿ

ಶಿವ ಎಲ್ಲ ಊರಿನ ಮನುಷ್ಯರಿಗೂ ಬಾಯಿ ಕೊಟ್ಟ. ನಮ್ಮ ಊರಿನ ಮುಚ್ಚಳಗಳಿಗೂ ಕೊಟ್ಟ. ಯಾಕೆ ಕೊಟ್ಟ ಎಂದು ಕೇಳಿದವರಿಲ್ಲ. ಕೊಟ್ಟದ್ದನ್ನು ಸಂಭಾಳಿಸುವುದರಲ್ಲೇ ನಮ್ಮ ಆಯುಷ್ಯ ಕಳೆಯುತ್ತದೆ. ನಮ್ಮಲ್ಲಿ ಯಾವುದನ್ನೇ ಬಿಗಿಯಾಗಿ ಮುಚ್ಚಿದರೂ, ಮುಚ್ಚುವ ಗಳಿಗೆಯಲ್ಲಿ ಕಡೆಗೆ ಆಡಿದ ಮಾತು ಒಳಗೆ ಉಳಿದುಬಿಡುತ್ತದೆ. ಡಬ್ಬಿ, ಭರಣಿಗಳಾದರೆ ತೆರೆದಾಗ ಒಮ್ಮೆ ಹೇಳಿ ಸುಮ್ಮನಾಗುತ್ತವೆ. ಓಡುವ ಯಂತ್ರವಾದರೆ ಓಡುವಷ್ಟು ಹೊತ್ತೂ ಅದನ್ನೇ ಹೇಳುತ್ತಿರುತ್ತದೆ. ಹೀಗಾಗಿ ನಮ್ಮ ಹೆಂಗಸರು ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುವಾಗ ತುಟಿ ಕಚ್ಚಿಕೊಂಡಿರುತ್ತಾರೆ. ಕುಕ್ಕರಿನ ಮುಂದಂತೂ ಉಸಿರು ಬಿಡಲೂ ಅಂಜುತ್ತಾರೆ. ಹಿಂದಿನ ಓಣಿಯ ಸೊಸೆಯೊಬ್ಬಳು ಕುಕ್ಕರಿಗೆ ಮುಚ್ಚಳ ಹಾಕುವಾಗ "ಈ ಮುದುಕಿ ಯಾವಾಗ ತನ್ನ ಊರಿಗೆ ಹೋಗ್ತೈತೋ" ಎಂದು ಗೊಣಗಿದಳಂತೆ. ಅದು ಸೀಟಿ ಸೀಟಿಗೂ ಹೊರಬಿದ್ದು, ಬೇಳೆ ಬೇಯುವುದರೊಳಗೆ ಮುದುಕಿ ಗಂಟು ಕಟ್ಟಿ ಬಸ್ಸು ಹತ್ತಿದ್ದಳು.

ಇಂಜಿನ್ನಿನ ವಿಷಯದಲ್ಲಿ ಊರಿನ ಪದ್ಧತಿ ಇನ್ನೂ ಬಿಗಿ. ಬಿಚ್ಚುವವನು ಮೆಕ್ಯಾನಿಕ್, ಮುಚ್ಚುವವರು ಮನೆಯವರು. ಅಂಗಡಿ ಬೀದಿಯಲ್ಲಿ ಮುಚ್ಚಿದರೆ ಯಾರ ಮಾತು ಒಳಗೆ ಹೊಕ್ಕೀತೆಂದು ಹೇಳಲಾಗದು. ಫೌಜದಾರರ ಜೀಪನ್ನು ಒಮ್ಮೆ ಅವಸರಕ್ಕೆ ಬೀದಿಯಲ್ಲೇ ಮುಚ್ಚಿದರು. ಅದೇ ಹೊತ್ತಿಗೆ ಈರುಳ್ಳಿ ಮಾರುವ ತಳ್ಳುಗಾಡಿಯವನೊಬ್ಬ ಹಾಯ್ದುಹೋದ. ಅಂದಿನಿಂದ ಆ ಜೀಪು ಕಳ್ಳರ ಬೆನ್ನು ಹತ್ತಿದಾಗಲೆಲ್ಲ "ಉಳ್ಳಾಗಡ್ಡೀ, ತಾಜಾ ಉಳ್ಳಾಗಡ್ಡೀ" ಎಂದು ಕೂಗುತ್ತದೆ. ಕಳ್ಳರು ಓಡುತ್ತಾರೆ, ಹೆಂಗಸರು ಬುಟ್ಟಿ ಹಿಡಿದು ಹೊರಗೆ ಬರುತ್ತಾರೆ. ಅದಕ್ಕೇ ಇಂಜಿನ್ನನ್ನು ಮನೆಗೆ ತಂದು, ಸ್ನಾನ ಮಾಡಿ, ಕದ ಹಾಕಿ, ದೇವರ ಹೆಸರು ಹೇಳಿ ಮುಚ್ಚಬೇಕು. ಇಂಜಿನ್ನಿನ ತಲೆಯ ಕಡೆ ಏನು ಮಾತಾಡಿದರೂ ನಡೆಯುತ್ತದೆ, ಅದು ಹೊಗೆಯಾಗಿ ಹೋಗುತ್ತದೆ. ಕೆಳಗೆ ಎರಡು ಹೋಳು ಕೂಡಿಸಿ ಎಣ್ಣೆ ತುಂಬುವ ಹೊಟ್ಟೆಯಿದೆಯಲ್ಲ, ಅಲ್ಲಿ ಸೇರಿದ ಮಾತು ಮಾತ್ರ ಹೋಗುವುದಿಲ್ಲ. ಮನುಷ್ಯರದ್ದೂ ಹಾಗೆಯೇ ಇರಬೇಕು.

ನಮ್ಮದು ವಿಭೂತಿ ಮಾಡುವ ಮನೆ. ಆಕಳ ಸಗಣಿ ಸುಟ್ಟು, ಬೂದಿ ಸೋಸಿ, ಗಟ್ಟಿ ಮಾಡಿ, ಮಾಳಿಗೆಯ ಮೇಲೆ ಒಣಗಿಸಿ ಸುತ್ತಲಿನ ಮಠಗಳಿಗೆಲ್ಲ ಒಯ್ದು ಕೊಡುತ್ತೇವೆ. ನಮ್ಮ ಅಪ್ಪ ಮುರಿಗೆಪ್ಪ ತುಂಬಿದ ವಿಭೂತಿ ಡಬ್ಬಿಯನ್ನು ಯಾವ ಮಠದಲ್ಲಿ ತೆರೆದರೂ "ಓಂ ನಮಃ ಶಿವಾಯ" ಎಂದು ಸ್ವಚ್ಛವಾಗಿ ಕೇಳುತ್ತಿತ್ತು. ಮುಚ್ಚುವ ವಿದ್ಯೆಯಲ್ಲಿ ಅಷ್ಟು ಗಟ್ಟಿಗ. ಅಂಥವನು ತನ್ನ ಮೋಟರ್ ಸೈಕಲ್ಲಿನ ಇಂಜಿನ್ ಮುಚ್ಚುವ ದಿನ ಎಡವಿದ. ಸ್ನಾನವಾಗಿತ್ತು, ಕದ ಹಾಕಿತ್ತು, ಒಂದೊಂದು ಬೋಲ್ಟಿಗೂ ಮಂತ್ರವಾಗಿತ್ತು. ಕಡೆಯ ಬೋಲ್ಟು ಉಳಿದಿದ್ದಾಗ ನಮ್ಮ ಅವ್ವ ದಾನವ್ವ ಚಹಾ ತಂದಿಟ್ಟಳು. ಅಪ್ಪ ಬಲಗೈಯಲ್ಲಿ ಬೋಲ್ಟು ತಿರುಗಿಸುವ ಪಾನಾ ಹಿಡಿದುಕೊಂಡೇ ಎಡಗೈಯಿಂದ ಕಪ್ಪೆತ್ತಿ ಒಂದು ಗುಟುಕು ಹೀರಿ, ಮುಖ ಕಿವುಚಿ, "ಏ, ಚಾದಾಗ ಸಕ್ರಿ ಎಲ್ಲೈತಿ?" ಎಂದ. ಸಿಟ್ಟಿಗೆ ಬಲಗೈ ತಾನೇ ತಿರುಗಿತು. ಬೋಲ್ಟು ಬಿಗಿಯಿತು. ಆಗಿಹೋಯಿತು.

ಆ ಹೊತ್ತಿಗೆ ನಾನು ಮಾಳಿಗೆಯ ಮೇಲೆ ವಿಭೂತಿ ಗಟ್ಟಿಗಳಿಗೆ ಕಾಗೆ ಕಾಯುತ್ತಿದ್ದೆ. ಸಂಜೆ ಇಂಜಿನ್ ಏರಿಸಿ ಕಿಕ್ ಹೊಡೆದದ್ದು ಕೇಳಿ ಕೆಳಗೆ ಇಳಿದು ಬರುವಷ್ಟರಲ್ಲಿ ಗಾಡಿ ಅಂಗಳದಲ್ಲಿ ನಿಂತು "ಚಾದಾಗ ಸಕ್ರಿ ಎಲ್ಲೈತಿ, ಚಾದಾಗ ಸಕ್ರಿ ಎಲ್ಲೈತಿ" ಎಂದು ಗುಡುಗುತ್ತಿತ್ತು. ಅಪ್ಪ ಹಣೆಗೆ ಕೈ ಹಚ್ಚಿಕೊಂಡು ಕೂತಿದ್ದ. ಮತ್ತೆ ಬಿಚ್ಚುವುದೆಂದರೆ ಹುಡುಗಾಟವಲ್ಲ. ಇವತ್ತು ನಾಳೆ ಎನ್ನುತ್ತ ದಿನ ಹೋದವು. ಹೋಗುತ್ತ ಹೋಗುತ್ತ ಅವನಿಗೆ ರೂಢಿಯಾಯಿತು.

ಊರಿಗೂ ರೂಢಿಯಾಯಿತು. ಗಾಡಿ ಮಠದ ಅಂಗಳಕ್ಕೆ ಬಂದರೆ ಅಜ್ಜಾರು, ಎಂದರೆ ನಮ್ಮ ಮಠದ ಸ್ವಾಮಿಗಳು, ಒಳಗಿನಿಂದಲೇ "ಬಂದ್ಯಾ ಮುರಿಗೆಪ್ಪಾ? ಇವತ್ತರ ಸಕ್ರಿ ಸಿಕ್ತೇನೋ?" ಎನ್ನುತ್ತಿದ್ದರು. ಅಪ್ಪನಿಗೆ ಅದು ನಗೆ. ಅವ್ವನಿಗೆ ಅಲ್ಲ. ಪ್ರಶ್ನೆ ಅಪ್ಪನದಾದರೂ ಊರು ಉತ್ತರ ಕೇಳಿದ್ದು ಅವ್ವನ ಹತ್ತಿರ. ಪಕ್ಕದ ಮನೆಯ ತಿಪ್ಪವ್ವ ಅವಳಿಗೆ "ಸಪ್ಪನ ದಾನವ್ವ" ಎಂದು ಹೆಸರಿಟ್ಟಳು. ಲಡ್ಡು ಕಟ್ಟುವುದರಲ್ಲಿ ಅವ್ವನನ್ನು ಸರಿಗಟ್ಟುವವರು ಓಣಿಯಲ್ಲಿರಲಿಲ್ಲ. ಆದರೂ ಮದುವೆ ಮನೆಗಳಲ್ಲಿ ಸಕ್ಕರೆ ಪಾಕ ಹಿಡಿಯುವ ಹೊತ್ತಿಗೆ "ದಾನವ್ವಾ, ನೀ ಕಾಯಿಪಲ್ಲೆ ಹೆಚ್ಚು" ಎನ್ನುತ್ತಿದ್ದರು. ಅವಳು ಸುಮ್ಮನೆ ಬದನೆಕಾಯಿ ಹೆಚ್ಚಿ ಬರುತ್ತಿದ್ದಳು. ಮನುಷ್ಯರು ಒಂದು ಸಲ ಹೇಳಿದ್ದನ್ನು ಗಾಡಿ ದಿನವೂ ಹೇಳಿದರೆ, ಮನುಷ್ಯರ ಮಾತು ಯಾರು ಕೇಳುತ್ತಾರೆ? ನಾನೂ ಅವಳು ಅಂದು ಸಕ್ಕರೆ ಮರೆತಳೆಂದೇ ತಿಳಿದಿದ್ದೆ. ಅಪ್ಪ ಕುಡಿದಿಟ್ಟ ಕಪ್ಪಿಗೆ ಇರುವೆ ಮುತ್ತುತ್ತಿದ್ದುದನ್ನು ನಿತ್ಯ ನೋಡಿಯೂ ಹಾಗೆ ತಿಳಿದಿದ್ದೆ.

ಅಪ್ಪ ಲಿಂಗೈಕ್ಯನಾದ ಮೇಲೆ ಗಾಡಿ ನನ್ನ ಕೈಗೆ ಬಂತು, ಅವನ ದನಿ ಸಮೇತ. ಸೋಮವಾರ ಸೋಮವಾರ ಅವ್ವನನ್ನು ಹಿಂದೆ ಕೂರಿಸಿಕೊಂಡು ಗುಡ್ಡದ ಬಸವಣ್ಣನ ಗುಡಿಗೆ ಹೋಗುತ್ತೇನೆ. ದಾರಿಯಲ್ಲಿ ಅಪ್ಪನ ಸಮಾಧಿ. ಅಲ್ಲಿ ಹಾಯುವಾಗ ಅಪ್ಪ ತನ್ನ ಸಮಾಧಿಯ ಮುಂದೆಯೇ ತಾನು ಸಕ್ಕರೆ ಕೇಳುತ್ತ ಹೋಗುತ್ತಿದ್ದ. ಅವ್ವ ಆಚೆ ಕಡೆಯ ಜೋಳದ ಹೊಲ ನೋಡುತ್ತಿದ್ದಳು.

ಹೋದ ವರ್ಷ ಗಾಡಿ ಎಣ್ಣೆ ಬಿಡತೊಡಗಿತು. ನಿಲ್ಲಿಸಿದಲ್ಲೆಲ್ಲ ಕರಿಯ ರಂಗೋಲಿ. ಎಣ್ಣೆಯ ಜೊತೆ ಮಾತೂ ಸೋರಿತು. ಮೊದಲು "ಚಾದಾಗ" ಹೋಯಿತು, ಆಮೇಲೆ "ಸಕ್ರಿ" ಹೋಯಿತು. ಕಡೆಗೆ ಗಾಡಿ ಸಣ್ಣ ದನಿಯಲ್ಲಿ "ಎಲ್ಲೈತಿ... ಎಲ್ಲೈತಿ..." ಎಂದಷ್ಟೇ ಕೇಳುತ್ತಿತ್ತು. ಅಜ್ಜಾರು ಕಣ್ಣು ಮುಚ್ಚಿ ಕೇಳಿ, "ಚನ್ನವೀರಾ, ನಿಮ್ಮಪ್ಪಗ ವೈರಾಗ್ಯ ಬಂದೈತಿ ನೋಡೋ. ಸಕ್ರಿ ಆಶಾ ಬಿಟ್ಟಾನ, ಬರೇ ಎಲ್ಲೈತಿ ಅಂತ ಹುಡುಕಾಕ ಹತ್ಯಾನ" ಎಂದರು.

ಮೆಕ್ಯಾನಿಕ್ ಹುಸೇನಿಕಾಕಾ ಕಿವಿಯಿಟ್ಟು ಕೇಳಿ ತಲೆಯಾಡಿಸಿದ. "ಬೇರಿಂಗ್ ಹೋಗ್ಯಾವ, ಎರಡೂ ಹೋಳಿನ ನಡುವ ಎಣ್ಣಿ ತಡಿಯೂ ಗ್ಯಾಸ್ಕೆಟ್ ಹೋಗೈತಿ. ಹೊಟ್ಟಿ ಬಿಚ್ಚಾಕs ಬೇಕು, ತಮ್ಮಾ. ಬಿಚ್ಚಿದ್ರ ನಿಮ್ಮಪ್ಪನ ಮಾತು ಹೋಗ್ತೈತಿ. ಬಿಚ್ಚಲಿಲ್ಲಂದ್ರ ಗಾಡೀನೂ ಹೋಗ್ತೈತಿ. ಅವ್ವನ್ನ ಕೇಳಿ ಹೇಳು."

ಕೇಳುವ ಮೊದಲೇ ನನ್ನ ಮನಸ್ಸಿನಲ್ಲಿ ಒಂದು ಆಸೆ ಎದ್ದು ಕೂತಿತ್ತು, ಮುಚ್ಚಿಡುವುದೇಕೆ? ಹೊಸದಾಗಿ ಮುಚ್ಚುವಾಗ ಪಂಚಾಕ್ಷರಿ ಹೇಳಿ ಮುಚ್ಚಿದರೆ ಗಾಡಿ ಓಡಿದಷ್ಟೂ ಜಪ. ಗುಡ್ಡಕ್ಕೆ ಹೋಗಿ ಬರುವುದರಲ್ಲಿ ಲಕ್ಷ ಜಪವಾದರೂ ಆದೀತು. ವಿಭೂತಿ ಮಾರುವವನ ಗಾಡಿ ಸಕ್ಕರೆ ಕೇಳುವುದಕ್ಕಿಂತ ಶಿವನನ್ನು ಕರೆದರೆ ಚೆಂದವಲ್ಲವೆ? ಹೆಂಡತಿ ನಿಂಬೆವ್ವನ ಮುಂದೆ ಹೇಳಿದೆ. "ಮನ್ಯಾಗ ಕುಂತು ಒಂದು ಮಾಲಿ ಜಪಾ ಮಾಡಂದ್ರ ಬೆನ್ನು ನೋಯಿಸ್ತೈತಿ ಅಂತೀರಿ. ಈಗ ಗಾಡಿ ಕಡೆ ಮಾಡಸ್ತೀರೇನು? ಪುಣ್ಯಾ ಬಂದ್ರ ಗಾಡಿಗೆ ಬರ್ತೈತಿ, ಅದs ಕೈಲಾಸಕ್ಕ ಹೋಗ್ಲಿ. ನೀವು ನಡಕೋತ ಹೋಗ್ರಿ" ಎಂದಳು.

ಅವ್ವನನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಗಂಡನ ದನಿ ಉಳಿದಿದ್ದುದು ಅದೊಂದರಲ್ಲೇ. ಅಕ್ಕಿ ಆರಿಸುತ್ತಿದ್ದವಳು ತಾನೇ ಹೇಳಿದಳು: "ಬಿಚ್ಚಸು. ಎಷ್ಟು ವರ್ಸಾತು ಕೇಳಾಕ ಹತ್ತಿ, ಅವರ ಗಂಟಲಾ ಒಣಗೈತಿ."

ಹುಸೇನಿಕಾಕಾ ಇಂಜಿನ್ ಇಳಿಸಿ ನಮ್ಮ ಅಂಗಳದಲ್ಲಿ ಹಳೆಯ ಗೋಣಿಚೀಲದ ಮೇಲೆ ಇಟ್ಟ. ಬೋಲ್ಟುಗಳನ್ನೆಲ್ಲ ತೆಗೆದು, ಕಟ್ಟಿಗೆಯ ಸುತ್ತಿಗೆಯಿಂದ ಮಗುವಿನ ಬೆನ್ನು ತಟ್ಟಿದ ಹಾಗೆ ಸುತ್ತಲೂ ತಟ್ಟಿದ. ಅವ್ವ ಕಟ್ಟೆಯ ಮೇಲೆ ಕೂತು ಸೆರಗು ಸರಿ ಮಾಡಿಕೊಂಡಳು, ಅಪ್ಪ ಮಠದಿಂದ ಬಂದಾಗ ಮಾಡಿಕೊಳ್ಳುತ್ತಿದ್ದಂತೆ. ಹೋಳುಗಳು ಚಟ್ಟೆಂದು ಬಿಟ್ಟವು. ಒಳಗಿನಿಂದ ಮೊದಲು ಚಹಾ ಹೀರಿದ ಸಪ್ಪಳ ಬಂತು; ಆಮೇಲೆ, ಸೋರಿಹೋದ ಮಾತೂ ತಿರುಗಿ ಬಂದಂತೆ, ಹರೆಯದ ಅಪ್ಪನ ತುಂಬು ದನಿ, ಅಂಗಳದ ತುಂಬ: "ಏ, ಚಾದಾಗ ಸಕ್ರಿ ಎಲ್ಲೈತಿ?" ಅಷ್ಟೇ. ಹುಸೇನಿಕಾಕಾ ಟೊಪ್ಪಿಗೆ ತೆಗೆದ. ಅವ್ವ "ಚಾ ಇಡ್ತೀನಿ" ಎಂದು ಎದ್ದು ಒಳಗೆ ಹೋದಳು.

ಬೇರಿಂಗು ಬದಲಾಯಿಸಿ, ಎಲ್ಲ ಭಾಗ ತೊಳೆದು, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಕಾಕಾ ನನಗೆ ಪಾಠ ಹೇಳಿದ. "ಹಳೇ ಗ್ಯಾಸ್ಕೆಟ್ ಹೆರಿ, ಆದ್ರ ಗೀರಬ್ಯಾಡ. ಪೇಸ್ಟ್ ನಿಮ್ಮ ಹಣಿ ಮ್ಯಾಲಿನ ವಿಭೂತಿಯಷ್ಟs ತೆಳ್ಳಗ ಹಚ್ಚು. ಬೋಲ್ಟ್ ಒಂದs ಕಡೆ ಬಿಗಿಬ್ಯಾಡ. ಈ ಮೂಲಿ ಒಂದು, ಆ ಮೂಲಿ ಒಂದು, ಸ್ವಲ್ಪ ಸ್ವಲ್ಪ. ಈ ಹಾಳಿಯಾಗ ಮೂರು ಗ್ಯಾಸ್ಕೆಟ್ ಆಗ್ತಾವ. ಅದs ಕಡೀದು, ಇನ್ನು ಹಾಳಿ ಬರೂದು ಮುಂದಿನ ತಿಂಗಳ. ನಂದು ಮುಗೀತು." ಇಷ್ಟು ಹೇಳಿ ಎರಡೂ ಕಿವಿ ಮುಚ್ಚಿಕೊಂಡು ಹೊರಟುಹೋದ. ಅದು ಪದ್ಧತಿ, ಇನ್ನೊಬ್ಬರ ಮನೆ ಮುಚ್ಚುವ ಮಾತನ್ನು ಮೆಕ್ಯಾನಿಕ್ ಕೇಳಬಾರದು.

ನಾನು ಹಾಳೆಯನ್ನು ಹೋಳಿನ ಮೇಲಿಟ್ಟು ಅಂಚಿಗುಂಟ ಸುತ್ತಿಗೆಯಿಂದ ತಟ್ಟಿ ತಟ್ಟಿ ಕತ್ತರಿಸಿದೆ. ಸ್ನಾನ ಮಾಡಿ ಮೂರೆಳೆ ವಿಭೂತಿ ಹಚ್ಚಿಕೊಂಡೆ. ಓಣಿಯವರಿಗೆ ಹೇಳಿ ಕುಕ್ಕರುಗಳನ್ನು ಇಳಿಸುವಂತೆ ಮಾಡಿದೆ, ತಿಪ್ಪವ್ವನ ಕೋಳಿಗಳನ್ನು ಬುಟ್ಟಿಯೊಳಗೆ ಹಾಕಿಸಿದೆ. ಕದ ಹಾಕಿ ಕೂತು ಬೋಲ್ಟು ಬೋಲ್ಟಿಗೂ "ಓಂ ನಮಃ ಶಿವಾಯ" ಎನ್ನುತ್ತ ಬಂದೆ. ಕಡೆಯ ಬೋಲ್ಟಿಗೆ ಭಕ್ತಿ ಹೆಚ್ಚಾಯಿತು. ಪಾನಾ ಜಾರಿ ಹೆಬ್ಬೆರಳಿಗೆ ಬಡಿಯಿತು. ಕೈ ಜಾರುವ ಮೊದಲು ಬೋಲ್ಟು ಬಿಗಿದಿತ್ತೋ ಏನೋ ಎಂಬ ಆಸೆಯಿಂದ ಇಂಜಿನ್ನಿನಿಂದ ಹೊರಗೆ ಚಾಚಿದ ಶಾಫ್ಟ್ ಹಿಡಿದು ಮೆಲ್ಲಗೆ ತಿರುಗಿಸಿದೆ. ಒಳಗಿನಿಂದ ನನ್ನದೇ ದನಿ: "ಅಯ್ಯಯ್ಯಪ್ಪೋ, ಸತ್ನೋ!"

ನಿಂಬೆವ್ವ ಬಾಗಿಲ ಸಂದಿಯಿಂದ ನೋಡುತ್ತಿದ್ದವಳು ನೆಲಕ್ಕೆ ಕೂತು ನಕ್ಕಳು. "ಇರ್ಲಿ ಬಿಡ್ರಿ, ಚಲೋ ಆತು. ಹಾರ್ನ್ ಬ್ಯಾಡ. ಮಂದಿ ದಾರಿ ಬಿಡ್ತಾರ."

ಬಿಚ್ಚಿದೆ. ಗ್ಯಾಸ್ಕೆಟ್ ಹರಿಯಿತು. ಮತ್ತೆ ಹೆರೆದೆ, ಮತ್ತೊಂದು ಕತ್ತರಿಸಿದೆ, ಮತ್ತೆ ಸ್ನಾನ ಮಾಡಿದೆ. ಈ ಸಲ ಹೆಬ್ಬೆರಳಿಗೆ ಅರಿವೆ ಸುತ್ತಿಕೊಂಡು, ಮನಸ್ಸನ್ನು ಗಟ್ಟಿ ಮಾಡಿಕೊಂಡು, ಎಲ್ಲ ಸಸೂತ್ರ ನಡೆಸಿಕೊಂಡು ಬಂದೆ. ಕಡೆಯ ಬೋಲ್ಟಿಗೆ "ಓಂ ನಮಃ ಶಿವಾಯ" ಎಂದು ಪಾನಾ ತಿರುಗಿಸುವಷ್ಟರಲ್ಲಿ ಗೋಡೆಯ ಮೇಲೆ ತಿಪ್ಪವ್ವನ ತಲೆ ಮೂಡಿತು. "ಚನ್ನವೀರಾ, ಮುಗೀತೇನೋ? ಕೋಳಿ ಬಿಡ್ಲ್ಯಾ?"

ಶಾಫ್ಟ್ ತಿರುಗಿಸಿದೆ. "ಕೋಳಿ ಬಿಡ್ಲ್ಯಾ, ಕೋಳಿ ಬಿಡ್ಲ್ಯಾ" ಎಂದಿತು. ಮಠಗಳಿಗೆ ವಿಭೂತಿ ಒಯ್ಯುವ ಗಾಡಿ! ನಾನು ಗೋಡೆಯ ಕಡೆ ನೋಡಿದ ನೋಟಕ್ಕೆ ತಿಪ್ಪವ್ವನ ತಲೆ ಮೂಡಿದಷ್ಟೇ ಬೇಗ ಮುಳುಗಿತು. ಗೋಡೆಯ ಹಿಂದಿನಿಂದ ದನಿ ಮಾತ್ರ ಬಂತು: "ನನ್ನ ಮ್ಯಾಲ ಯಾಕ ಸಿಟ್ಟೋ? ಸಪ್ಪನ ಚಾ ಕುಡದು ಬೆಳದೋರು, ಸಿಟ್ಟು ಜಾಸ್ತಿ."

ಅದನ್ನು ಅವ್ವ ಕೇಳಿದಳು. ಅಡುಗೆಮನೆಯ ಹೊಸ್ತಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಕಪ್ಪನ್ನು ನನ್ನ ಪಕ್ಕಕ್ಕಿಟ್ಟು, ಅಂಗಳದಲ್ಲೇ ಕಾಲು ಚಾಚಿ ಕೂತಳು. "ಮಾಡು. ನಾ ನೋಡ್ತೀನಿ."

ಮೂರನೆಯ ಗ್ಯಾಸ್ಕೆಟ್ಟೇ ಕಡೆಯದು. ಇದು ಹಾಳಾದರೆ ಗಾಡಿ ಮುಂದಿನ ತಿಂಗಳವರೆಗೂ ಚೀಲದ ಮೇಲೆಯೇ. ನಾನು ಮತ್ತೆ ಬಿಚ್ಚಿ ಹೆರೆದೆ, ಒರೆಸಿದೆ, ವಿಭೂತಿಯಷ್ಟೇ ತೆಳ್ಳಗೆ ಪೇಸ್ಟು ಹಚ್ಚಿದೆ, ಹೋಳು ಕೂಡಿಸಿದೆ. ಈ ಮೂಲೆ ಒಂದು, ಆ ಮೂಲೆ ಒಂದು. ಕೋಳಿಯಿಲ್ಲ, ಕುಕ್ಕರಿಲ್ಲ, ತಿಪ್ಪವ್ವನಿಲ್ಲ. ಗಾಳಿಯೂ ಬೀಸಲಿಲ್ಲ. ಕಡೆಯ ಬೋಲ್ಟಿಗೆ ಪಾನಾ ಕೂರಿಸಿ, ಕಣ್ಣು ಮುಚ್ಚಿ, ಪಂಚಾಕ್ಷರಿಗೆ ಬಾಯಿ ತೆರೆದೆ. ಆಗ ಅವ್ವನ ಅಂಗೈ ಬಂದು ನನ್ನ ಬಾಯಿಯನ್ನು ಗಪ್ಪನೆ ಮುಚ್ಚಿತು. ಏಲಕ್ಕಿಯ ವಾಸನೆಯ ಕೈ. ಇನ್ನೊಂದು ಕೈಯನ್ನು ಪಾನಾ ಹಿಡಿದ ನನ್ನ ಕೈಯ ಮೇಲಿಟ್ಟು, ಇಂಜಿನ್ನಿನ ಸಂದಿಗೆ ಮುಖ ಬಗ್ಗಿಸಿ, ತಲೆಬಾಗಿಲಿಗೆ ಬಂದ ಗಂಡನಿಗೆ ಹೇಳುವ ಹಾಗೆ ಹೇಳಿದಳು:

"ಹಾಕೇನ್ರಿ. ತಳದಾಗ ಕುಂತೈತಿ. ಕಲಸಿ ಕುಡೀರಿ."

ನನ್ನ ಕೈಯ ಸಮೇತ ಪಾನಾ ತಿರುಗಿಸಿದಳು. ಬೋಲ್ಟು ಬಿಗಿಯಿತು.

ನನ್ನ ಬಾಯಿಯೊಳಗಿನ ಶಿವ ಬಾಯಿಯೊಳಗೇ ಉಳಿದ. ಕೈ ತೆಗೆದ ಮೇಲೆ ಮೆಲ್ಲಗೆ ಕೇಳಿದೆ: "ಅವತ್ತು ಸಕ್ರಿ ಹಾಕಿದ್ದೇನಬೇ?"

"ಎರಡು ಚಮಚಾ ಹಾಕಿದ್ದೆ. ನಿಮ್ಮಪ್ಪ ಜನ್ಮದಾಗ ಚಾ ಕಲಸಿ ಕುಡದ ಮನಷ್ಯಾ ಅಲ್ಲ. ಕಲಸೂದು ಹೆಂಗಸರ ಕೆಲಸ ಅಂತಿದ್ರು. ಕಪ್ಪು ತೊಳದಾಗೊಮ್ಮೆ ತಳದಾಗಿನ ಸಕ್ರಿ ಕೆರದು ಕೆರದು ನನ್ನ ಉಗುರು ಸವದಾವು."

"ಹಂಗಾರ ಇಷ್ಟು ವರ್ಸ ಯಾಕ ಹೇಳ್ಲಿಲ್ಲಬೇ?"

"ಹೇಳಿದ್ನಲ್ಲೋ ಯಪ್ಪಾ. ಅವತ್ತs ಹೇಳಿದೆ. ಇದs ಮಾತು, ಇಲ್ಲೇ ಕುಂತು. ಆದ್ರ ಬೋಲ್ಟ್ ಬಿಗದಿತ್ತು. ನನ್ನ ಮಾತಿಗೆ ಒಳಗ ಜಾಗ ಇರ್ಲಿಲ್ಲ." ನನ್ನ ಪಕ್ಕದ ಕಪ್ಪಿಗೆ ಚಮಚ ಹಾಕಿ ತಿರುವಿದಳು. "ಆರೈತಿ. ನೀನರ ಕಲಸಿದ್ದು ಕುಡಿ."

ಕುಡಿದೆ. ತಳದವರೆಗೂ ಸಿಹಿಯಿತ್ತು.

ಮರುದಿನ ಹುಸೇನಿಕಾಕಾ ಬಂದು ಇಂಜಿನ್ ಏರಿಸಿ, ತಲೆ ಕೂಡಿಸಿ, ಎಣ್ಣೆ ತುಂಬಿದ. ಕಿಕ್ ಹೊಡೆದೆ. ಗಾಡಿ ಎರಡು ಸಲ ಕೆಮ್ಮಿ, ಗಂಟಲು ಸರಿ ಮಾಡಿಕೊಂಡು, ಅವ್ವನ ದನಿಯಲ್ಲಿ ಶುರು ಮಾಡಿತು: "ಹಾಕೇನ್ರಿ, ತಳದಾಗ ಕುಂತೈತಿ, ಕಲಸಿ ಕುಡೀರಿ. ಹಾಕೇನ್ರಿ, ತಳದಾಗ ಕುಂತೈತಿ, ಕಲಸಿ ಕುಡೀರಿ." ಒಂದು ಹನಿ ಎಣ್ಣೆ ಸೋರಲಿಲ್ಲ. ಕಾಕಾ ಕೈ ಒರೆಸಿಕೊಳ್ಳುವುದನ್ನು ಮರೆತು ನಿಂತ. "ಯಾ ಅಲ್ಲಾ," ಎಂದ, "ನಾವೆಲ್ಲಾ ಬರೇ ಒಂದು ಕಡೀ ಮಾತು ಕೇಳಿದ್ವಲ್ಲೋ."

ಊರಲ್ಲಿ ಸುತ್ತು ಹಾಕಿದೆ. ಬೇಕಂತಲೇ ಎಲ್ಲ ಓಣಿ ಹಾಕಿದೆ, ಒಂದೆರಡು ಓಣಿಗೆ ಎರಡು ಸಲ ಹೋದೆ. ಚಹಾದಂಗಡಿಯ ಕಟ್ಟೆಯ ಮೇಲೆ ಕೂತವರು ಗ್ಲಾಸನ್ನು ಬಾಯಿಯವರೆಗೆ ತಂದು ತಡೆದು, ತಳ ನೋಡಿದರು. ಅಂಗಡಿಯವನು ಅಂದಿನಿಂದ ಚಮಚ ಇಡತೊಡಗಿದ. ಮೊದಲ ದಿನವೇ ಅರ್ಧದಷ್ಟು ಚಮಚಗಳು ಕಳುವಾದವು. ಮಠದಲ್ಲಿ ಅಜ್ಜಾರು ಅಂಗಳಕ್ಕೇ ಬಂದು ನಿಂತು, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದರು. ನಾನು ಕೈ ಮುಗಿದು, "ಬುದ್ಧೀ, ಪಂಚಾಕ್ಷರಿ ಹೇಳಿ ಮುಚ್ಚಬೇಕಂತ ಮಾಡಿದ್ದೆ. ಹಿಂಗಾತು" ಎಂದೆ. ಅವರು ಕಣ್ಣು ತೆರೆಯದೆಯೇ, "ಬಂದ್ ಮಾಡಬ್ಯಾಡೋ. ಶಿವನ ಮಾತು ನಡದೈತಿ, ನಡುವ ಬಾಯಿ ಹಾಕ್ತಿ" ಎಂದರು.

ತಿಪ್ಪವ್ವ ನಾಲ್ಕು ದಿನ ಗೋಡೆಯ ಮೇಲೆ ಮೂಡಲಿಲ್ಲ. ಐದನೆಯ ದಿನ ತಲೆಬಾಗಿಲಿನಿಂದಲೇ ಬಂದಳು. ಮೊಮ್ಮಗಳ ಮದುವೆ. ಕಟ್ಟೆಯ ಮೇಲೆ ಕೂತು, ಅದೂ ಇದೂ ಮಾತಾಡಿ, ಎಲೆ ಅಡಿಕೆ ಹಾಕಿಕೊಂಡು, ಏಳುವ ಹೊತ್ತಿಗೆ, "ದಾನವ್ವಾ, ಬುಂದಿ ಪಾಕಾ ನೀನs ಹಿಡೀಬೇಕು. ನನ್ನ ಸೊಸಿಗೆ ಎಳಿ ಗೊತ್ತಾಗಂಗಿಲ್ಲ" ಎಂದಳು. ಅವ್ವ, "ನನ್ನ ಕಡೆ ಕಾಯಿಪಲ್ಲೆ ಹೆಚ್ಚೂದು ಐತೆಲ್ಲವಾ" ಎಂದಳು. ತಿಪ್ಪವ್ವ ಎಲೆ ಅಗಿಯುವುದನ್ನು ನಿಲ್ಲಿಸಿದಳು. ಅವ್ವ ಇನ್ನೂ ಸ್ವಲ್ಪ ಹೊತ್ತು ಅವಳನ್ನು ಹಾಗೆಯೇ ಇಟ್ಟು, ಆಮೇಲೆ, "ಬರ್ತೀನಿ ಬಿಡು. ಸಕ್ರಿ ಸಣ್ಣಂದು ತರಸು" ಎಂದಳು.

ಆ ಸೋಮವಾರ ಅವ್ವ ಗುಡಿಗೆ ಹೊರಡುವಾಗ ಚಹಾ ಮಾಡಿ ಮುಚ್ಚಳದ ಚೊಂಬಿನಲ್ಲಿ ತುಂಬಿಕೊಂಡಳು. ಜೊತೆಗೆ ಅಪ್ಪನ ಕಪ್ಪು, ಒಂದು ಚಮಚ. ಸಮಾಧಿಯ ಹತ್ತಿರ ಬಂದಾಗ ನನ್ನ ಬೆನ್ನಿಗೆ ಬೆರಳಿನಿಂದ ಚುಚ್ಚಿದಳು. "ನಿಲ್ಲಸು. ಬಂದ್ ಮಾಡಬ್ಯಾಡ." ಚೊಂಬು ತೆರೆದಳು, ಅದು "ಬಿಸಿ ಐತಿ, ಹುಷಾರ್ರಿ" ಎಂದಿತು. ಕಪ್ಪಿಗೆ ಎರಡು ಚಮಚ ಸಕ್ಕರೆ ಹಾಕಿ, ಚಹಾ ಹೊಯ್ದು, ಚಮಚ ಪಕ್ಕಕ್ಕಿಟ್ಟು, ಸಮಾಧಿಯ ಮುಂದಿರಿಸಿ ಹಿಂದೆ ಸರಿದಳು. "ಜೋರಾಗಿ ಹೊಡಿ" ಎಂದಳು. ನಾನು ಎಕ್ಸಿಲರೇಟರ್ ತಿರುವಿದೆ. ಜೋಳದ ಹೊಲ ದಾಟಿ ಗುಡ್ಡಕ್ಕೆ ಬಡಿದು ಬರುವ ಹಾಗೆ ಅವ್ವನ ದನಿ ಅಪ್ಪನಿಗೆ ಉತ್ತರ ಕೊಟ್ಟಿತು. ಈ ಸಲ ಅವಳು ಆಚೆ ಕಡೆ ನೋಡಲಿಲ್ಲ.

ಗುಡಿಗೆ ಹೋಗಿ, ಬಸವಣ್ಣನಿಗೆ ಕಾಯಿ ಒಡೆಸಿ, ತಿರುಗಿ ಬರುವಾಗ ಕಪ್ಪು ತರಲು ನಿಂತೆವು. ಚಹಾ ಇರಲಿಲ್ಲ. ಚಮಚ ಇಟ್ಟಲ್ಲೇ ಇತ್ತು, ಒಣಗಿದ್ದು ಒಣಗಿದಂತೆ. ಕಪ್ಪಿನ ತಳದಲ್ಲಿ ಸಕ್ಕರೆ ಹಾಗೆಯೇ ಕುಂತಿತ್ತು. ಸುತ್ತ ಇರುವೆ ಮುತ್ತಿದ್ದವು.

ಅವ್ವ ಕಪ್ಪನ್ನು ನನ್ನ ಮುಖದ ಹತ್ತಿರ ತಂದು ತೋರಿಸಿದಳು. "ನೋಡಿದೇನು ಈ ಮನಷ್ಯಾನ್ನ? ಇಷ್ಟು ಹೇಳಿದ್ರೂ ಕಲಸ್ಲಿಲ್ಲ!" ಎಂದಳು. ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಇರುವೆಗಳನ್ನು ಊದಿ, ಕಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದೆ ಏರಿ ಕೂತಳು. ನಾನು ಕಿಕ್ ಹೊಡೆದೆ. ಉಳಿದದ್ದನ್ನು ಗಾಡಿ ಹೇಳಿತು.